ಯಾವ ಸೋಮವಾರ, ಆಯುಕ್ತರೇ?

ಮಾನ್ಯ ನಗರಪಾಲಿಕೆ ಆಯುಕ್ತರಿಗೆ,

ಚರಂಡಿ ಟೆಂಡರಿನ ಬಗ್ಗೆ ನಿಮ್ಮ ಕಚೇರಿಗೆ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸ್ವೀಕೃತಿ ಸೀಲು ಬಿತ್ತು, ಉತ್ತರ ಮಾತ್ರ ಬರಲಿಲ್ಲ. ಹಾಗಾಗಿ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಚರಂಡಿ ಟೆಂಡರಿನ ಕಥೆ ಎಲ್ಲರಿಗೂ ಗೊತ್ತು. ಏಳು ವಾರ್ಡಿನ ಸಣ್ಣಪುಟ್ಟ ಕಾಮಗಾರಿಗಳನ್ನೆಲ್ಲ ಒಂದೇ ಪ್ಯಾಕೇಜ್ ಮಾಡಿದಿರಿ, ವಹಿವಾಟಿನ ಷರತ್ತು ಏರಿಸಿದಿರಿ. ನಮ್ಮಂಥ ಸಣ್ಣ ಗುತ್ತಿಗೆದಾರರು ಟೆಕ್ನಿಕಲ್ ಬಿಡ್‌ನಲ್ಲೇ ಉದುರಿದೆವು, ನಮ್ಮ ದರದ ಲಕೋಟೆ ತೆರೆಯಲೇ ಇಲ್ಲ. (ಈಗೆಲ್ಲಿಯ ಲಕೋಟೆ, ಎಲ್ಲ ಪೋರ್ಟಲ್‌ನಲ್ಲೇ, ಹಳೇ ಮಾತು ಬಾಯಿಗೆ ಬರುತ್ತದೆ.) ಗೆದ್ದವರ ಜೀಪುಗಳು ಚುನಾವಣೆಯಲ್ಲಿ ಯಾರ ಬಾವುಟ ಕಟ್ಟಿಕೊಂಡು ಓಡಾಡಿದ್ದವು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಇದನ್ನು ಹೇಳಿಕೊಳ್ಳಲು ಬಂದಾಗ ನಿಮ್ಮ ಚೇಂಬರಿನಲ್ಲಿ ಕಾಫಿ ಕೊಡಿಸಿದಿರಿ. "ಫೈಲು ತರಿಸಿ ನಾನೇ ನೋಡ್ತೀನಿ, ಸೋಮವಾರ ಬನ್ನಿ" ಅಂದಿರಿ. ಬಂದೆ, ಮೀಟಿಂಗ್ ಅಂದರು. ಮುಂದಿನ ಸೋಮವಾರ ನೀವು ಬೆಂಗಳೂರಿಗೆ ಹೋಗಿದ್ದಿರಿ. ಅದರ ಮುಂದಿನ ಸೋಮವಾರದ ಹೊತ್ತಿಗೆ ವರ್ಕ್ ಆರ್ಡರ್ರೇ ಹೋಗಿತ್ತು. 1999ರ ಟೆಂಡರ್ ಪಾರದರ್ಶಕತೆ ಕಾಯ್ದೆಯ 16ನೇ ಕಲಮಿನಲ್ಲಿ ಮೇಲ್ಮನವಿಗೆ 30 ದಿನ ಇದೆ. ಆ ದಿನಗಳನ್ನು ನಾನು ನಿಮ್ಮ ಬಾಗಿಲ ಬೆಂಚಿನ ಮೇಲೆ ಕಳೆದೆ, ನಿಮ್ಮ ಮಾತು ನಂಬಿ.

ಆಮೇಲಾದದ್ದು ಕೇಳಿ. ಗೆದ್ದವರ ಕಡೆಯಿಂದ ಫೋನ್ ಬಂತು: ನಿಮ್ಮ ವಾರ್ಡಿನ ಚರಂಡಿ ನೀವೇ ಮಾಡಿ, ನಮಗೆ ಶೇ 12 ಬಿಡಿ. ಕಾಗದದಲ್ಲಿ ಅನರ್ಹನಾದವನು ಗುಂಡಿ ತೋಡುವುದಕ್ಕೆ ಅರ್ಹನಾಗಿಬಿಟ್ಟೆ! ಆ ಶೇ 12 ಎಲ್ಲಿಂದ ಬರಬೇಕು? ಸಿಮೆಂಟಿನಿಂದ, ಕಬ್ಬಿಣದಿಂದ. ಮಳೆಗಾಲದಲ್ಲಿ ಚರಂಡಿ ಕುಸಿದರೆ ಜನ ಬೈಯುವುದು ಅಲ್ಲಿ ನಿಂತು ಕೆಲಸ ಮಾಡಿಸಿದ ನನ್ನನ್ನು.

2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ ಶೇ 40ರ ಕಮಿಷನ್ ಆರೋಪ ಹೊರಿಸಿ ಪ್ರಧಾನಿಗೇ ಪತ್ರ ಬರೆಯಿತು. 2023ರಲ್ಲಿ ಸರ್ಕಾರವೂ ಬದಲಾಯಿತು. ನಮ್ಮೂರಲ್ಲಿ ಜೀಪಿನ ಮೇಲಿನ ಬಾವುಟ ಬಿಟ್ಟು ಬದಲಾದದ್ದೇನು? ಬೇಕಾದವರಿಗೆ ಅದೇ ಕಾಯ್ದೆಯ 4(ಜಿ) ಅಡಿ ಟೆಂಡರಿನಿಂದಲೇ ವಿನಾಯಿತಿ, ಬೇಡದವರಿಗೆ ಷರತ್ತಿನ ಕತ್ತರಿ. ಮುಗಿಸಿದ ಕೆಲಸದ ಬಿಲ್ಲಾದರೂ ಜ್ಯೇಷ್ಠತೆ ಪ್ರಕಾರ ಆಗುತ್ತದೆಯೇ? ಅಲ್ಲೂ ಫೋನು ಬಂದವರದ್ದು ಮೊದಲು. ಪಾಲಿಕೆ ತೆರಿಗೆ ಕಟ್ಟುವವರದ್ದೋ, ಫೋನು ಮಾಡುವವರದ್ದೋ?

ನಾನು ಕೇಳುವುದು ಇಷ್ಟೇ: ಪ್ಯಾಕೇಜ್ ಒಡೆಯಿರಿ. ಟೆಂಡರಿನ ಮೌಲ್ಯಮಾಪನ ವರದಿಯನ್ನು ಪೂರ್ತಿಯಾಗಿ ಪಾಲಿಕೆಯ ನೋಟಿಸ್ ಬೋರ್ಡಿಗೆ ಅಂಟಿಸಿ. ಏಳೂ ವಾರ್ಡಿನಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವವರು ಯಾರೆಂದು ನಿಮ್ಮ ಎಂಜಿನಿಯರುಗಳಿಂದ ಬರೆಸಿಕೊಳ್ಳಿ. ಇದ್ಯಾವುದೂ ಆಗದಿದ್ದರೆ ಒಂದಕ್ಕಾದರೂ ಉತ್ತರ ಕೊಡಿ: ಆ ಫೈಲು ನಿಮ್ಮ ಮೇಜಿಗೆ ಬಂದಿತ್ತೇ? ತರಿಸುವ ಮನಸ್ಸೇ ಇರಲಿಲ್ಲವೆಂದರೆ ನನ್ನನ್ನು ಸೋಮವಾರ ಬರಹೇಳಿದ್ದು ಯಾಕೆ?

ಇತಿ,
ಎರಡನೇ ದರ್ಜೆಯ ಒಬ್ಬ ಗುತ್ತಿಗೆದಾರ