ಹಸಿರು ನಕ್ಷೆಗೊಂದು ಪಾಟೀಸವಾಲು

ಸಾಕ್ಷಿಕಟ್ಟೆಯಲ್ಲಿ ನಿಂತವನು ಹೇಳಿದ್ದೆಲ್ಲವನ್ನೂ ನ್ಯಾಯಾಲಯವು ಹಾಗೆಯೇ ಒಪ್ಪುವುದಿಲ್ಲ. ಅವನು ಎಲ್ಲಿ ನಿಂತು ಕಂಡ, ಯಾವ ಹೊತ್ತಿನಲ್ಲಿ ಕಂಡ, ಕಣ್ಣಾರೆ ಕಂಡನೋ ಊಹಿಸಿದನೋ ಎಂದು ವಿಚಾರಿಸಿದ ಬಳಿಕವೇ ಆ ಮಾತಿಗೆ ಬೆಲೆ. ಸುಳ್ಳಾಡುವ ಉದ್ದೇಶವಿಲ್ಲದ ಸಾಕ್ಷಿಯೂ ತಪ್ಪು ಹೇಳುವುದುಂಟು. ಶಾಲೆಯ ವೈಫೈ ಎಲ್ಲೆಲ್ಲಿ ತಲಪುತ್ತದೆಂದು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸುವ ಆ್ಯಪ್‌ನ ನಕ್ಷೆಯೂ ಅಂತಹ ಒಂದು ಸಾಕ್ಷಿಯೇ.

ಇದು ಕೇವಲ ತಂತ್ರಜ್ಞರ ತಲೆನೋವೆಂದು ಹೆತ್ತವರು ಸುಮ್ಮನಿರುವಂತಿಲ್ಲ. 2020ರಲ್ಲಿ ‘ಫಸ್ಟ್‌ಬೆಲ್’ ತರಗತಿಗಳು ಆರಂಭವಾದಾಗ ನಮ್ಮ ಮಕ್ಕಳಿಗೆ ಕನ್ನಡ ಮಾಧ್ಯಮದ ಪಾಠಗಳು ದೊರೆತದ್ದು ಯೂಟ್ಯೂಬ್‌ನ ಮೂಲಕ. ಸಿಗ್ನಲ್ ಇಲ್ಲದಲ್ಲಿ ಪಾಠವೂ ಇಲ್ಲವೆಂಬುದನ್ನು ಆ ವರ್ಷ ಮನೆಮನೆಯೂ ಅರಿತಿದೆ. ಈಗ ರಕ್ಷಕ-ಶಿಕ್ಷಕ ಸಂಘದ ಸಭೆಯೊಂದನ್ನು ಊಹಿಸಿಕೊಳ್ಳಿ. ಮೂಲೆಯ ಕೊಠಡಿಯಲ್ಲಿ ವಿಡಿಯೋ ಓಡುವುದಿಲ್ಲವೆಂದು ಮಕ್ಕಳು ಹೇಳುತ್ತಾರೆ; ನಕ್ಷೆಯಲ್ಲಿ ಆ ಕೊಠಡಿ ಹಸಿರಾಗಿದೆ. ಮುದ್ರಿತ ನಕ್ಷೆಯ ಮುಂದೆ ಮಕ್ಕಳ ಮಾತು ಸೋಲುತ್ತದೆ, ಹೊಸ ವೈಫೈ ಪೆಟ್ಟಿಗೆಯ ಬೇಡಿಕೆ ಬಿದ್ದುಹೋಗುತ್ತದೆ. ಅದಕ್ಕಿಂತ ಮುನ್ನ ನಕ್ಷೆಗೆ ಕೆಲವು ಪ್ರಶ್ನೆಗಳನ್ನು ಕೇಳುವುದು ನ್ಯಾಯ.

ಮೊದಲ ಪ್ರಶ್ನೆ: ಯಾವ ಮಾಪನದಲ್ಲಿ ಹೇಳುತ್ತಿರುವೆ? ಸಿಗ್ನಲ್‌ನ ಬಲವನ್ನು ಅಳೆಯುವುದು ಡಿಬಿಎಂ ಎಂಬ ಮಾನದಲ್ಲಿ, ಋಣಸಂಖ್ಯೆಯಾಗಿ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. -60 ಉತ್ತಮ, ವಿಡಿಯೋ ಪಾಠಕ್ಕೆ -67ರ ಆಸುಪಾಸು ಬೇಕು, -80 ದುರ್ಬಲ. ಹತ್ತು ಅಂಕ ಇಳಿದರೆ ಬಲವು ಹತ್ತರಲ್ಲೊಂದು ಪಾಲಿಗೆ ಇಳಿದಂತೆ. ಕೆಲವು ತಂತ್ರಾಂಶಗಳು ಇದನ್ನೇ ಶೇಕಡಾವಾರು ತೋರಿಸುತ್ತವೆ. ವಿಂಡೋಸ್‌ನ ಲೆಕ್ಕದಲ್ಲಿ -100 ಎಂದರೆ ಶೇ. 0, -50 ಎಂದರೆ ಶೇ. 100. ಹೀಗಾಗಿ ಅಲ್ಲಿ ಶೇ. 70 ಎಂದರೆ -65. ಫೋನಿನ -70ಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡು ಅಳತೆಗೋಲುಗಳ ಅಂಕಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸಬಾರದು.

ಎರಡನೆಯ ಪ್ರಶ್ನೆ: ಈಗ ಕಂಡದ್ದೋ, ಆಗ ಕಂಡದ್ದೋ? ಆಂಡ್ರಾಯ್ಡ್ 9ರಿಂದೀಚೆಗೆ ಬ್ಯಾಟರಿ ಉಳಿಸುವ ಸಲುವಾಗಿ ಒಂದು ಕಟ್ಟುಪಾಡು ಬಂದಿದೆ: ಪರದೆಯ ಮೇಲೆ ತೆರೆದಿರುವ ಆ್ಯಪ್ ಕೂಡ ಎರಡು ನಿಮಿಷಗಳಲ್ಲಿ ನಾಲ್ಕು ಬಾರಿ ಮಾತ್ರ ಸುತ್ತಲಿನ ವೈಫೈಗಳನ್ನು ಶೋಧಿಸಬಹುದು. ನಡೆಯುತ್ತಾ ಅಳೆಯುವವನು ಅಷ್ಟರಲ್ಲಿ ಎರಡು ಮೂರು ಕೊಠಡಿ ದಾಟಿರುತ್ತಾನೆ. ಕಚೇರಿಯ ಬಳಿ ದೊರೆತ ಹಳೆಯ ಅಂಕವು ಏಳನೆಯ ತರಗತಿಯ ಮೇಲೆ ಅಂಟಿಕೊಳ್ಳುತ್ತದೆ. ತಪ್ಪು ಓದುವಿಕೆಗೆ ಇದೊಂದು ದೊಡ್ಡ ಕಾರಣ. ಆಂಡ್ರಾಯ್ಡ್ 10 ಮತ್ತು ಮುಂದಿನ ಆವೃತ್ತಿಗಳಲ್ಲಿ ಡೆವಲಪರ್ ಆಯ್ಕೆಗಳೊಳಗೆ ‘ವೈಫೈ ಸ್ಕ್ಯಾನ್ ಥ್ರಾಟ್ಲಿಂಗ್’ ಎಂಬುದನ್ನು ಅಳತೆಯ ಹೊತ್ತಿಗೆ ಆರಿಸಿ, ಮುಗಿದ ಮೇಲೆ ಮರಳಿ ಹಾಕಿಡಬಹುದು. ಅದಾಗದಿದ್ದರೆ ಪ್ರತಿ ಸ್ಥಳದಲ್ಲೂ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಂತು, ಅಂಕ ಬದಲಾದ ಬಳಿಕವೇ ಗುರುತಿಸಬೇಕು.

ಮೂರನೆಯ ಪ್ರಶ್ನೆ: ಎಲ್ಲಿ ನಿಂತು ಕಂಡೆ? ಕಟ್ಟಡದೊಳಗೆ ಜಿಪಿಎಸ್ ನೆಚ್ಚಿಕೊಳ್ಳುವಂಥದಲ್ಲ. ಆದುದರಿಂದ ಕಟ್ಟಡದ ನಕಾಶೆಯನ್ನು ಆ್ಯಪ್‌ಗೆ ಕೊಟ್ಟು ನಾವೇ ಬೆರಳಿನಿಂದ ಸ್ಥಳ ಗುರುತಿಸುತ್ತೇವೆ. ನಕಾಶೆಯ ಅಳತೆ ತಪ್ಪಿದ್ದರೆ ಬಣ್ಣವೆಲ್ಲವೂ ತಪ್ಪು. ಒಂದು ಗೋಡೆಯ ಉದ್ದವನ್ನು ಟೇಪು ಹಿಡಿದು ಅಳೆದು ತಾಳೆ ನೋಡಬೇಕು. ಕಾಲಿಡದ ಕೊಠಡಿಗೂ ಅಕ್ಕಪಕ್ಕದ ಅಂಕಗಳಿಂದ ಊಹಿಸಿ ಆ್ಯಪ್ ಬಣ್ಣ ಬಳಿಯುತ್ತದೆ. ನಡುವಿನ ದಪ್ಪ ಕೆಂಪುಕಲ್ಲಿನ ಗೋಡೆ ಆ ಊಹೆಗೆ ತಿಳಿಯದು.

ನಾಲ್ಕನೆಯ ಪ್ರಶ್ನೆ: ಯಾರ ಕಣ್ಣಿನಿಂದ ಕಂಡೆ? ಗ್ರಾಹಕದ ಬಲವನ್ನು ಅಂಕವಾಗಿಸುವ ರೀತಿ ಚಿಪ್ ತಯಾರಕರಿಗೆ ತಕ್ಕಂತೆ ಬೇರೆಯಾಗುತ್ತದೆ. ಒಂದೇ ಬೆಂಚಿನ ಮೇಲಿಟ್ಟ ಎರಡು ಫೋನುಗಳು ಐದಾರು ಡಿಬಿಎಂ ಅಂತರ ತೋರಿದರೆ ಅಚ್ಚರಿಯಿಲ್ಲ. ಫೋನಿನ ದಪ್ಪ ಕವಚ, ಹಿಡಿದ ಕೈ, ಅಡ್ಡ ನಿಂತ ಮೈ, ಇವೆಲ್ಲ ಸಿಗ್ನಲ್ ತಗ್ಗಿಸುತ್ತವೆ. ಒಂದು ನಕ್ಷೆಗೆ ಒಂದೇ ಫೋನ್, ಒಂದೇ ಎತ್ತರ, ಒಂದೇ ಹಿಡಿತ ಎಂಬ ನಿಯಮವಿರಲಿ. ಖಾಲಿ ತರಗತಿಯ ಅಂಕವು ನಲವತ್ತು ಮಕ್ಕಳು ಕುಳಿತ ತರಗತಿಗೆ ಅನ್ವಯಿಸದೆಂಬುದೂ ನೆನಪಿರಲಿ.

ಐದನೆಯ ಪ್ರಶ್ನೆ: ಯಾರನ್ನು ಕಂಡೆ? ಒಂದೇ ಹೆಸರಿನಲ್ಲಿ ಎರಡು ಮೂರು ಪೆಟ್ಟಿಗೆಗಳಿರುತ್ತವೆ. ಒಂದೇ ಪೆಟ್ಟಿಗೆಯಿಂದ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳು ಹೊರಡುತ್ತವೆ; ಎರಡನೆಯದು ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಫೋನು ಕೆಲವೊಮ್ಮೆ ಹತ್ತಿರದ ಪೆಟ್ಟಿಗೆಯನ್ನು ಬಿಟ್ಟು ದೂರದ ಹಳೆಯ ನಂಟನ್ನೇ ಹಿಡಿದುಕೊಂಡಿರುತ್ತದೆ. ಆದಕಾರಣ ಪ್ರತಿ ಪೆಟ್ಟಿಗೆಯನ್ನೂ ಪ್ರತಿ ಅಲೆಯನ್ನೂ ಪ್ರತ್ಯೇಕವಾಗಿ ಅಳೆಯುವುದು ಲೇಸು.

ಇಷ್ಟಾದರೂ ಹಸಿರು ಬಣ್ಣವು ವೇಗದ ಭರವಸೆಯಲ್ಲ. ಪಕ್ಕದ ವೈಫೈಗಳ ಗದ್ದಲ ಹೆಚ್ಚಿದ್ದರೆ, ಶಾಲೆಗೆ ಬರುವ ತಂತಿಯೇ ನಿಧಾನವಾಗಿದ್ದರೆ, -50ರಲ್ಲೂ ವಿಡಿಯೋ ನಿಲ್ಲುತ್ತದೆ. ಅದೇ ಸ್ಥಳದಲ್ಲಿ ಒಂದು ಪಾಠವನ್ನು ಓಡಿಸಿ ನೋಡುವುದೇ ಕೊನೆಯ ಪರೀಕ್ಷೆ.

ಕಡೆಗೆ, ದಾಖಲೆಯ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು, ವಿದ್ಯುನ್ಮಾನ ದಾಖಲೆಯೊಂದಿಗೆ ಅದು ಯಾವ ಸಾಧನದಿಂದ ಬಂತೆಂಬ ಪ್ರಮಾಣಪತ್ರವನ್ನು ಕೇಳುತ್ತದೆ. ಪಂಚಾಯತಿಗೋ ಶಿಕ್ಷಣ ಇಲಾಖೆಗೋ ಕೊಡುವ ಮನವಿಗೆ ಅಷ್ಟು ವಿಧಿ ಬೇಕಿಲ್ಲ. ಆದರೆ ಅದರ ಹಿಂದಿನ ವಿವೇಕ ಬೇಕು. ಕೊಠಡಿಯ ಹೆಸರು, ದಿನಾಂಕ, ಸಮಯ, ಫೋನಿನ ಮಾದರಿ, ಮೂರು ಬಾರಿ ಅಳೆದ ಮೂರು ಅಂಕಗಳು, ಪಾಠ ಓಡಿತೋ ಇಲ್ಲವೋ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರು ಸಹಿ ಹಾಕಲಿ. ಏಳನೆಯ ತರಗತಿಯ ಮಕ್ಕಳೇ ಈ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಲ್ಲರು. ಮುಂದಿನ ಸಭೆಯಲ್ಲಿ ನಕ್ಷೆಯ ಪಕ್ಕದಲ್ಲಿ ಆ ಹಾಳೆಯೂ ಇರಲಿ.