ಕೂಸನ್ನು ಸಲಹಬೇಕಾದರೆ

ಶಿರಾಳಕೊಪ್ಪದ ಸಂತೆಯ ಮಗ್ಗುಲಲ್ಲಾಗಲಿ ಆನವಟ್ಟಿಯ ಬಸ್ ನಿಲ್ದಾಣದಲ್ಲಾಗಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಹಸುಗೂಸೊಂದು ಕಣ್ಣಿಗೆ ಬಿದ್ದರೆ, ಪ್ರಯಾಣದ ಹೊತ್ತನ್ನು ಕಳೆದು 24 ಗಂಟೆಗಳೊಳಗಾಗಿ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸತಕ್ಕದ್ದೆಂದು 2015ರ ಬಾಲನ್ಯಾಯ ಕಾಯಿದೆ ವಿಧಿಸುತ್ತದೆ. ಸಮಿತಿ ಇರುವುದು ಶಿವಮೊಗ್ಗದಲ್ಲಿ. ಆ ಊರುಗಳ ತಾಲ್ಲೂಕು ಕೇಂದ್ರಗಳಾದ ಶಿಕಾರಿಪುರದಿಂದ ಸುಮಾರು 50 ಕಿಲೋಮೀಟರು, ಸೊರಬದಿಂದ ಇನ್ನೂ ದೂರ. ಕೂಸಿಗೇನೋ ಜೀಪು ದೊರೆಯುತ್ತದೆ. ದೂರ ಬಾಧಿಸುವುದು ತಾಯಿಯನ್ನು.

ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಬೇಲಿಯ ಮರೆಯಲ್ಲಿ ಸಿಕ್ಕ ಕೂಸು. ಆದರೆ ತಾಯಿಯ ಹೆಸರು, ಊರು, ಅಜ್ಜಿಯ ಮನೆ ಎಲ್ಲವೂ ಗೊತ್ತಿರುವ ಕೂಸುಗಳೂ ಈ ವ್ಯವಸ್ಥೆಯ ಪಾಲಿಗೆ ಬರುವುದುಂಟು: ಮದುವೆಗೆ ಮುನ್ನ ಹಡೆದ ಹುಡುಗಿಯದು, ಗಂಡ ಬಿಟ್ಟುಹೋಗಿ ಶುಂಠಿ ಹೊಲದ ಕೂಲಿಯಿಂದ ಹೊಟ್ಟೆ ಹೊರೆಯುವವಳದು, ಹೆತ್ತವಳು ತೀರಿಕೊಂಡು ಅಜ್ಜಿಯ ಮಡಿಲಿಗೆ ಬಿದ್ದದ್ದು. ಕೂಸನ್ನು ಒಪ್ಪಿಸಿ ಸಹಿ ಹಾಕಿದ ತಾಯಿಗೆ ಮರುಯೋಚನೆ ಮಾಡುವುದಕ್ಕೆ ಕಾಯಿದೆ ಎರಡು ತಿಂಗಳ ಅವಧಿ ಕೊಟ್ಟಿದೆ. ಕರುಣೆಯುಳ್ಳ ವಿಧಿ, ಸಂಶಯವಿಲ್ಲ. ಆದರೆ ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದು, ನೆರೆಯವರ ಪ್ರಶ್ನೆಗೆ ಹೆದರಿ ಕದ ಮುಂದುಮಾಡಿಕೊಂಡು ಕುಳಿತ ಬಾಣಂತಿಯ ಬಳಿಗೆ, "ನೀನೇ ಸಾಕುವುದಾದರೆ ಇಂತಿಷ್ಟು ನೆರವುಂಟಮ್ಮ" ಎಂದು ಹೇಳುವವರೊಬ್ಬರು ಹೋಗದಿದ್ದರೆ, ಆ ಅವಧಿಯಿಂದ ಅವಳಿಗೇನು ಪ್ರಯೋಜನ?

ನೆರವು ಇಲ್ಲವೆಂದಲ್ಲ. ವರ್ಷಕ್ಕೆ 72,000 ರೂಪಾಯಿ ಮೀರದ ಆದಾಯವುಳ್ಳ ಹಳ್ಳಿಯ ಕುಟುಂಬದಲ್ಲಿ ವಿಧವೆಯೋ ಪರಿತ್ಯಕ್ತೆಯೋ, ಅನಾಥ ಮಗುವಿನ ಬಂಧುಗಳೋ ಮಗುವನ್ನು ಸಾಕುತ್ತಿದ್ದರೆ, ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಿಂದ ತಿಂಗಳಿಗೆ 4,000 ರೂಪಾಯಿ ದೊರಕಿಸುವುದಕ್ಕೆ ಅವಕಾಶವಿದೆ. ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಗ್ರಾಮ ಪಂಚಾಯತಿಗಳ 'ಕೂಸಿನ ಮನೆ' ಉಂಟು. ಅಂಗನವಾಡಿಯ ಪೌಷ್ಟಿಕ ಆಹಾರವಂತೂ ಇದ್ದೇ ಇದೆ. ಇವೆಲ್ಲ ಬೇರೆ ಬೇರೆ ಕಡತಗಳಲ್ಲಿವೆ. ಓದು ಬಾರದ ಅಜ್ಜಿ ಯಾವ ಕಡತವನ್ನು ಯಾವ ಮೇಜಿನ ಮೇಲೆ ಹುಡುಕಿಯಾಳು?

ನೆರವು ತಲುಪದಿದ್ದರೆ ಕೂಸು ಸೇರುವುದು ಸಂಸ್ಥೆಯನ್ನು. ಅಲ್ಲಿನ ಆಯಾಗಳು ಅಕ್ಕರೆಯಿಲ್ಲದವರೆಂದು ನಾನು ಹೇಳಲಾರೆ. ಪಾಳಿ ಮುಗಿದೊಡನೆ ಮನೆಗೆ ಹೋಗಲೇಬೇಕಾದವರು ಅವರು. ಬೆಳಗ್ಗೆ ರಾಗಿ ಸರಿ ಉಣಿಸಿದ ಕೈ ಒಂದು, ರಾತ್ರಿ ಬೆನ್ನು ತಟ್ಟುವ ಕೈ ಇನ್ನೊಂದು. ರುಮೇನಿಯದ ಬುಕಾರೆಸ್ಟ್ ನಗರದ ಅನಾಥಾಲಯಗಳ 136 ಎಳೆಯ ಮಕ್ಕಳನ್ನು ಕುರಿತು ಈ ಶತಮಾನದ ಆರಂಭದಲ್ಲಿ ಕೈಗೊಂಡ ಅಧ್ಯಯನದಲ್ಲಿ, ಸುಮಾರು ಎರಡು ವರ್ಷ ತುಂಬುವ ಮುನ್ನ ಸಾಕುಕುಟುಂಬವನ್ನು ಸೇರಿದ ಕೂಸುಗಳು, ತಡವಾಗಿ ಸೇರಿದವುಗಳಿಗಿಂತ ಬುದ್ಧಿಯಲ್ಲಿಯೂ ಪ್ರೀತಿಯ ನಂಟಿನಲ್ಲಿಯೂ ಚೆನ್ನಾಗಿ ಚೇತರಿಸಿಕೊಂಡುದು ಕಂಡುಬಂದಿತು. ತೊರೆದ ಮಗುವಿನ ವಿಚಾರಣೆ ಎರಡು ವರ್ಷದೊಳಗಿನ ಕೂಸಾದರೆ ಎರಡು ತಿಂಗಳಲ್ಲಿ, ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ಮುಗಿಯಬೇಕೆಂದ ನಮ್ಮ ಕಾಯಿದೆಯೂ ಈ ಸತ್ಯವನ್ನು ಅರಿತಂತಿದೆ. ಯಾರೂ ಇಲ್ಲದ ಕೂಸು ಬೇಗನೆ ದತ್ತುಮನೆಯನ್ನು ಸೇರಲಿ. ಯಾರೋ ಒಬ್ಬರಿರುವ ಕೂಸಿಗೆ ಆ ಒಬ್ಬರನ್ನು ಉಳಿಸಿಕೊಡುವುದೇ ಮೊದಲ ಚಿಕಿತ್ಸೆ. ಸಂಸ್ಥೆಯ ವಾಸ ಕಟ್ಟಕಡೆಯ ಉಪಾಯವಾಗಿರಬೇಕೆಂಬುದು ಕಾಯಿದೆಯದೇ ತತ್ತ್ವ.

ನೆರವು ಹತ್ತಿರದಲ್ಲಿಯೇ ಇದ್ದ ಕಾಲವೂ ಈ ಸೀಮೆಗಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠದಲ್ಲಿ ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು 1162ರ ಶಾಸನ ಹೇಳುತ್ತದೆ. ಆಗ ಬಳ್ಳಿಗಾವಿಯೇ ಬನವಾಸಿ ನಾಡಿನ ರಾಜಧಾನಿ. ಈಗಿನ ರಾಜಧಾನಿಗಳು ಬಸ್ಸು ಹತ್ತಿ ಹೋಗಬೇಕಾದವು. ಸಮಿತಿ ಸೇರದ ಹೊತ್ತಿನಲ್ಲಿ ಒಬ್ಬ ಸದಸ್ಯರ ಮುಂದೆಯೇ ಮಗುವನ್ನು ಹಾಜರುಪಡಿಸಬಹುದೆಂದು ಕಾಯಿದೆಯೇ ಒಪ್ಪಿರುವಾಗ, ಹದಿನೈದು ದಿನಕ್ಕೊಮ್ಮೆ ಸದಸ್ಯರೊಬ್ಬರು ಶಿಕಾರಿಪುರ ಮತ್ತು ಸೊರಬದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಕುಳಿತು, ಅಂಗನವಾಡಿ ಕಾರ್ಯಕರ್ತೆಯನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ತಾಯಿಯ ಮಾತನ್ನೂ ಅಜ್ಜಿಯ ಮಾತನ್ನೂ ಕೇಳಿ, ಪ್ರಾಯೋಜಕತ್ವದ ಅರ್ಜಿಯನ್ನು ಅಲ್ಲಿಯೇ ಬರೆಸಿಕೊಳ್ಳುವಂತೆ ಏರ್ಪಡಿಸುವುದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಒಂದು ಮೇಜು, ಎರಡು ಬೆಂಚು, ಬಾಣಂತಿಗೆ ಬಸ್ಸಿನ ಖರ್ಚು ಸಾಕು.