ಕಾಗದದ ಮೇಲೆ ತೇಗದ ಗೆರೆ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಶುಭಾಶಯವನ್ನ ಎರಡನೇ ಸಲ ತೆರೆದು ನೋಡೋರು ಎಷ್ಟು ಜನ ಹೇಳಿ? ಕೈಯಲ್ಲಿ ಮಾಡಿದ ಕಾರ್ಡ್ ಹಾಗಲ್ಲ. ಬೀರುವಿನಲ್ಲಿ, ಸೀರೆ ಮಡಿಕೆಯ ನಡುವೆ ವರ್ಷಗಟ್ಟಲೆ ಉಳಿಯುತ್ತೆ. ಈ ವಾರ ಅಂಥದ್ದೇ ಒಂದು ಕಾರ್ಡ್. ನೋಡಿದ್ರೆ ಮರದ ಹಲಗೆ, ಮುಟ್ಟಿದ್ರೆ ಕಾಗದ!

ಫ್ರೆಂಚ್‌ನಲ್ಲಿ ಈ ಕಲೆಗೆ ‘ಫೋ ಬ್ವಾ’ ಅಂತಾರೆ, ಅಂದ್ರೆ ಸುಳ್ಳು ಮರ. ಜಾರ್ಜ್ ಬ್ರಾಕ್ ಅನ್ನೋ ಚಿತ್ರಕಾರ ಮನೆಗಳಿಗೆ ಬಣ್ಣ ಬಳಿಯುವವರ ಕುಟುಂಬದಲ್ಲಿ ಬೆಳೆದವನು. ಬಾಚಣಿಗೆಯಂಥ ಹಲ್ಲುಗಳ ಸಾಧನ ಎಳೆದು ಮರದ ಗೆರೆ ತರಿಸೋದು ಆ ಕಸುಬಿನಲ್ಲೇ ಅವನಿಗೆ ಒಲಿದಿತ್ತು. 1912ರಲ್ಲಿ ಮರದ ಗೆರೆ ಅಚ್ಚಾಗಿದ್ದ ವಾಲ್‌ಪೇಪರನ್ನ ಕತ್ತರಿಸಿ ತನ್ನ ಚಿತ್ರಕ್ಕೇ ಅಂಟಿಸಿಬಿಟ್ಟ. ನಮಗೂ ಬೇಕಿರೋದು ಅದೇ ಬಾಚಣಿಗೆ.

ಏನೇನು ಬೇಕು?

ದಪ್ಪ ಹ್ಯಾಂಡ್‌ಮೇಡ್ ಪೇಪರ್ (200ರಿಂದ 250 ಜಿಎಸ್‌ಎಂ), ಅಕ್ರಿಲಿಕ್ ಬಣ್ಣ, ಒಂದು ಅಗಲವಾದ ಬ್ರಷ್, ಹಳೇ ಬಟ್ಟೆ. ಬಾಚಣಿಗೆಗೆ ಅವಧಿ ಮುಗಿದ ಎಟಿಎಂ ಕಾರ್ಡೋ ಬಿಟ್ಟ ಕಂಪನಿಯ ಐಡಿ ಕಾರ್ಡೋ ಸಾಕು. ಅದರ ಒಂದು ಅಂಚನ್ನ ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿ. ಹಲ್ಲುಗಳು ಒಂದೇ ಅಳತೆಯಲ್ಲಿ ಇರಬಾರದು. ಒಂದು ಸಪೂರ, ಒಂದು ದಪ್ಪ ಇದ್ರೇನೇ ಮರ ಅನಿಸೋದು.

ಮಿಲ್ಲಿನ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಕೈಕಾಗದದಲ್ಲಿ ಎಲ್ಲ ಕಡೆಗೂ ಹರಡಿರೋದ್ರಿಂದ ಹೇಗೆ ಮಡಚಿದ್ರೂ ನಡೆಯುತ್ತೆ. ಇಂಕ್ ಮುಗಿದ ಬಾಲ್‌ಪೆನ್‌ನಿಂದ ಸ್ಕೇಲ್ ಇಟ್ಟು ಒಂದು ಗೆರೆ ಒತ್ತಿ, ಆಮೇಲೆ ಮಡಚಿ.

ಮಾಡೋದು ಹೇಗೆ?

ಮೊದಲು ತಿಳಿ ಬಣ್ಣ. ಕೈಕಾಗದ ಬಣ್ಣ ಹೀರುತ್ತೆ, ಅದಕ್ಕೇ ತೆಳುವಾಗಿ ಎರಡು ಸಲ ಬಳೀಬೇಕು. ಪೂರ್ತಿ ಒಣಗಲಿ. ಆಮೇಲೆ ಕಡು ಬಣ್ಣಕ್ಕೆ ನಾಲ್ಕೈದು ಹನಿ ನೀರು ಬೆರೆಸಿ ಮೇಲೆ ಬಳಿದು, ಹಸಿ ಇರುವಾಗಲೇ ಬಾಚಣಿಗೆ ಎಳೀರಿ. ಹಲ್ಲು ತಾಗಿದ ಕಡೆ ಕೆಳಗಿನ ತಿಳಿ ಬಣ್ಣ ಇಣುಕುತ್ತೆ. ಅಕ್ರಿಲಿಕ್ ಬೇಗ ಒಣಗುತ್ತೆ, ಹಾಗಾಗಿ ಒಂದು ಸಲಕ್ಕೆ ಒಂದೇ ಕಾರ್ಡ್. ಪ್ರತಿ ಸಲ ಎಳೆದ ಮೇಲೆ ಹಲ್ಲು ಒರೆಸೋದು ಮರೀಬೇಡಿ.

ಬಣ್ಣದ ಜೋಡಿ ಹೀಗಿರಲಿ. ತೇಗಕ್ಕೆ ಕೆಳಗೆ ಯೆಲ್ಲೋ ಆಕರ್, ಮೇಲೆ ಬರ್ನ್ಟ್ ಅಂಬರ್. ಬೀಟೆಗೆ ಕೆಳಗೆ ಕೆಂಗಂದು, ಮೇಲೆ ಹೆಚ್ಚುಕಡಿಮೆ ಕಪ್ಪು. ಹಲಸಿಗೆ ಅರಿಶಿನದ ಹಳದಿ, ಮೇಲೆ ತಿಳಿ ಕಂದು.

ಗಂಟಿನ ಗುಟ್ಟು

ಕಾರ್ಡ್ ಮರದಂತೆ ಕಾಣೋದು ಬಣ್ಣದಿಂದಲ್ಲ, ಗಂಟಿನಿಂದ. ಇದನ್ನ ಕಲಿತದ್ದು ನನ್ನ ಸೋದರಮಾವನಿಂದ. ತೀರ್ಥಹಳ್ಳಿ ಕಡೆ ನಲವತ್ತು ವರ್ಷ ಮರಗೆಲಸ ಮಾಡಿದವರು. ನಮ್ಮ ಮನೆಯ ಒಂದೊಂದು ಬಾಗಿಲೂ ಅವರ ಕೈಯದೇ. ಎರಡು ವರ್ಷದಿಂದ ಕೈ ನಡುಗುತ್ತೆ ಅಂತ ಉಳಿ ಮುಟ್ಟಿಲ್ಲ, ಗರಗಸ ಅಟ್ಟ ಸೇರಿದೆ. ಮಾತೂ ಕಮ್ಮಿಯಾಗಿತ್ತು.

ಮೊಮ್ಮಗಳ ನಾಮಕರಣಕ್ಕೆ 25 ಕಾರ್ಡ್ ಮಾಡೋಕೆ ಅಂತ ನಾನು ಅಲ್ಲಿಗೆ ಹೋಗಿದ್ದೆ. “ಮಾವಯ್ಯ, ತೇಗದ ಗೆರೆ ಹ್ಯಾಗಿರ್ತದೆ?” ಅಂದೆ. ಸೀಮೆಸುಣ್ಣ ತಗೊಂಡು ಜಗಲಿ ಮೇಲೇ ಬರೆದು ತೋರಿಸಿದ್ರು. “ಗಂಟು ಅಂದ್ರೆ ಕೊಂಬೆ ಹುಟ್ಟಿದ ಜಾಗ ಮಾರಾಯ್ತಿ. ಗೆರೆ ಅದನ್ನ ದಾಟಿ ಹೋಗೂದಿಲ್ಲ, ಸುತ್ತಿ ಹೋಗ್ತದೆ. ಹೊಳೆ ನೀರು ಕಲ್ಲನ್ನ ಸುತ್ತಿ ಹೋದ ಹಾಗೆ.”

ನೀವೂ ಹಾಗೇ ಮಾಡಿ. ಬಾಚಣಿಗೆಯನ್ನ ಒಂದು ಸಲ ಎಡಕ್ಕೆ ಬಳಸಿ, ಇನ್ನೊಂದು ಸಲ ಬಲಕ್ಕೆ ಬಳಸಿ ಎಳೀರಿ. ನಡುವೆ ಕಣ್ಣಿನಾಕಾರದ ಜಾಗ ಉಳಿಯುತ್ತೆ. ಅಲ್ಲೊಂದು ಕಡು ಬಣ್ಣದ ಬೊಟ್ಟು, ಸುತ್ತ ಒಂದು ಸಪೂರ ಉಂಗುರ. ಒಂದು ಕಾರ್ಡಿಗೆ ಒಂದೇ ಗಂಟು ಸಾಕು.

ನಾನು ಒಂದು ಕಾರ್ಡ್ ಎಳೆದು ಮುಗಿಸುವಷ್ಟರಲ್ಲಿ ಮಾವಯ್ಯ ಕೈ ಚಾಚಿದ್ರು. “ಕೊಡು ಇಲ್ಲಿ.” ಆ ನಡುಗುವ ಕೈ ಎಳೆದ ಗೆರೆ ನೋಡಬೇಕಿತ್ತು ನೀವು! ಮರದಲ್ಲಿ ನೆಟ್ಟಗಿನ ಗೆರೆ ಎಲ್ಲಿರುತ್ತೆ? ಉಳಿಗೆ ಬೇಡವಾದ ನಡುಕವೇ ಇಲ್ಲಿ ಬೇಕಾಗಿತ್ತು. ಉಳಿದ 24 ಕಾರ್ಡನ್ನೂ ಅವರೇ ಎಳೆದ್ರು. ಸಂಜೆ ಹೊತ್ತಿಗೆ “ಇದು ಬೀಟೆ, ಇದು ಎಳೇ ಹಲಸು” ಅಂತ ಒಂದೊಂದನ್ನೇ ಅತ್ತೆಗೆ ತೋರಿಸ್ತಾ ಕೂತಿದ್ರು. ಅತ್ತೆ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲಾ ಕೇಳಿದ್ರು.

ಕೊನೆಯದಾಗಿ

ಬಣ್ಣದ ಹಸಿಗೆ ಕಾರ್ಡ್ ಸೊಟ್ಟಗಾದ್ರೆ ಚಿಂತೆ ಬೇಡ. ಚೆನ್ನಾಗಿ ಒಣಗಿಸಿ, ರಾತ್ರಿಯಿಡೀ ದಪ್ಪ ಪುಸ್ತಕಗಳ ಕೆಳಗಿಡಿ. ಒಳಗಿನ ಬದಿಗೆ ಬಣ್ಣ ಬೇಡ, ಅಲ್ಲಿ ಎರಡು ಸಾಲು ನಿಮ್ಮದೇ ಅಕ್ಷರದಲ್ಲಿ ಬರೀರಿ. ಮೇಲೆ ಹೆಸರು ಬೇಕಿದ್ರೆ ಬಿಳಿ ಜೆಲ್ ಪೆನ್ ಚೆನ್ನಾಗಿ ಕಾಣುತ್ತೆ.

ಒಂದು ಶನಿವಾರದ ಮಧ್ಯಾಹ್ನಕ್ಕೆ ಆರೇಳು ಕಾರ್ಡ್ ಆರಾಮಾಗಿ ಆಗುತ್ತೆ. ಮನೆಯಲ್ಲಿ ‘ಇನ್ನು ನನ್ನ ಕೈಲಾಗಲ್ಲ’ ಅಂತ ಸುಮ್ಮನೆ ಕೂತ ಹಿರಿಯರಿದ್ರೆ ಬಾಚಣಿಗೆಯನ್ನ ಮೊದಲು ಅವರ ಕೈಗೇ ಕೊಡಿ.